ಪಲ್ಟಿ ಅನ್ನದ ಮನೆ

ಕೌಲ್‌ಬಜಾರ್, ಬಳ್ಳಾರಿ
೧೯ ನವೆಂಬರ್ ೨೦೦೬, ಭಾನುವಾರ

ಕೌಸರಳ ಅಬ್ಬಾಗೆ ಫರ್ಹತಳ ಸಲಾಂ.

ನಿಮ್ಮ ಮೈ ಹೇಗಿದೆ? ಕುವೈತಿನಲ್ಲೂ ಈಗ ಬಿಸಿಲು ಇಳಿದಿರಬೇಕು. ಬೆನ್ನುನೋವಿಗೆಂದು ಅತ್ತೆ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಬಾಟಲಿ ಹಾಗೇ ಕೂತಿದೆಯೋ? ಇಲ್ಲಿ ನಾವೆಲ್ಲ ಆರಾಮವಾಗಿದ್ದೇವೆ. ಅದಿರಿನ ಲಾರಿಗಳು ಹೆಚ್ಚಾದಂತೆ ಧೂಳೂ ಹೆಚ್ಚಾಗಿದೆ. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕೆಂಪಗಾಗುತ್ತದೆ ಎಂದು ಅತ್ತೆ ಈಗ ಬಿಳಿ ಬಟ್ಟೆಗಳನ್ನು ಒಳಗೇ ಹರವುತ್ತಾರೆ. ನೀವು ಶುಕ್ರವಾರ ಫೋನ್ ಮಾಡಿದಾಗಲೆಲ್ಲ ಮಾವ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ. ಹೇಳಬೇಕಾದ್ದು ಅವರ ಸುದ್ದಿಯೇ ಆದ್ದರಿಂದ ಬರೆಯುತ್ತಿದ್ದೇನೆ.

ಹೋದ ವರ್ಷ ಮಾವನ ಲಾರಿಗೆ ಏನಾಯಿತೆಂದು ನಿಮಗೆ ಪೂರ್ತಿ ಗೊತ್ತಿಲ್ಲ. "ಏನಿಲ್ಲಪಾ, ಗಾಡಿ ಸ್ವಲ್ಪ ಮಗ್ಗಲಾತು" ಎಂದು ಅವರು ನಿಮಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಮಗ್ಗಲಾಗುವುದು ಮಲಗಿದ ಮನುಷ್ಯರು. ಆ ಲಾರಿ ಸಂಡೂರಿನ ಇಳಿಜಾರಿನ ತಿರುವಿನಲ್ಲಿ ಅದಿರಿನ ಸಮೇತ ಉರುಳಿ, ಚಕ್ರ ಮೇಲಾಗಿ ಬಿದ್ದಿತ್ತು. ಮಾವನ ಭುಜ ಮುರಿಯಿತು. ನಮ್ಮ ಮದುವೆಯಲ್ಲಿ ದಿನವಿಡೀ ನೀರು ಹೊತ್ತನಲ್ಲ, ಕ್ಲೀನರ್ ಸುಂಕಣ್ಣ, ಅವನು ಸೊಂಟದವರೆಗೆ ಅದಿರಿನಡಿ ಸಿಕ್ಕಿಕೊಂಡ. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಅಂದಿನಿಂದ ಮಾವ ಸ್ಟೇರಿಂಗ್ ಮುಟ್ಟಿರಲಿಲ್ಲ, ಸುಂಕಣ್ಣನ ಮುಖವನ್ನೂ ನೋಡಿರಲಿಲ್ಲ. ಪಲ್ಟಿ ಎಂಬ ಮಾತೇ ನಮ್ಮ ಮನೆಯಿಂದ ಹೋಯಿತು. ರೊಟ್ಟಿ ಪಲ್ಟಿ ಹಾಕು ಅನ್ನುತ್ತಿದ್ದ ಅತ್ತೆ, "ರೊಟ್ಟಿ ಆ ಕಡಿ ಮಾಡವಾ" ಅನ್ನತೊಡಗಿದರು. ಬೇಕೆಂದು ಮಾಡಿದ್ದೋ, ನಾಲಿಗೆ ತಾನೇ ಕಲಿತದ್ದೋ ನಾನು ಕೇಳಲಿಲ್ಲ.

ಆ ಮಾತನ್ನು ಮತ್ತೆ ಮನೆಗೆ ತಂದವಳು ಕೌಸರ್. ಅವಳ ಕನ್ನಡ ಟೀಚರ್ ದಾಕ್ಷಾಯಣಮ್ಮ ಒಂದಷ್ಟು ಪದ ಕೊಟ್ಟು, ಪುಸ್ತಕ ನೋಡದೆ ಮನೆಯವರು ಆಡುವ ಹಾಗೆ ವಾಕ್ಯ ಮಾಡಿ ತನ್ನಿ ಎಂದಿದ್ದರಂತೆ. ಸಂಜೆ ಅಜ್ಜನ ಮುಂದೆ ಕೂತಳು. ಮೊದಲ ಪದ ಹಿನ್ನಡೆ. ಮಾವನಿಗೆ ಹುರುಪು ಬಂತು. "ಹಂಗಂತ ಯಾರವಾ ಮಾತಾಡ್ತಾರ? ಅದು ಪೇಪರಿನ ಮಾತು. ದಂಧಿ ರಿವರ್ಸ್ ಹೊಡೀತು ಅಂತ ಬರಿ" ಎಂದರು. ಆಮೇಲೆ ಮರಳು. ಅದು ಉಸುಕು ಎಂದು ಅತ್ತೆ, ವಾಪಸ್ ಬರುವುದು ಎಂದು ಕೌಸರ್, ಅಜ್ಜಿ-ಮೊಮ್ಮಗಳಿಗೆ ವಾದವೇ ಆಯಿತು. ಅತ್ತೆ ಇನ್ನೂ ವಾದಿಸುತ್ತಿರುವಾಗಲೇ ಅವಳು ಮುಂದಿನ ಪದ ತಿರುವು ಎಂಬುದಕ್ಕೆ ತಾನೇ ಬರೆದು ಗಟ್ಟಿಯಾಗಿ ಓದಿದಳು: "ತಿರುವಿನಾಗ ನಮ್ಮಜ್ಜನ ಲಾರಿ ಪಲ್ಟಿ ಆತು."

ಅತ್ತೆ "ಲೇ, ಬಾಯಿ ಮುಚ್ಚು, ಅಳಸು ಅದನ್ನ" ಎಂದು ಕೈ ಎತ್ತಿಯೇಬಿಟ್ಟರು. ಹುಡುಗಿ ರಬ್ಬರು ಹುಡುಕುತ್ತಿದ್ದಳು. ಮಾವ ಅವಳ ಕೈ ಹಿಡಿದು, "ಅಳಸಬ್ಯಾಡ. ಖರೇನ ಐತಿ" ಎಂದರು. ಅಂದು ಅವರು ಊಟಕ್ಕೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಇಸ್ತ್ರಿಯ ಅಂಗಿ ತೊಟ್ಟು, "ಫರ್ಹತ್, ಕುರುಗೋಡಿಗೆ ನೀನೂ ಬಾರವಾ. ಒಬ್ಬನ ಹೋದ್ರ ನಡುವ ಇಳದು ವಾಪಸ್ ಬಂದೇನು" ಎಂದರು. ಸುಂಕಣ್ಣನ ಮನೆ ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದೆ. ಬಾಗಿಲಲ್ಲಿ ಅವನ ಹೆಂಡತಿ ಹೊನ್ನೂರಮ್ಮ ಮೊರ ಹಿಡಿದು ನಿಂತಿದ್ದಳು. ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ. "ಕಾಲು ಹೋದದ್ದು ಹೋತು. ಅದಕ್ಕ ನಿಮ್ಮನ್ನ ಒಂದು ಮಾತು ಅಂದಿಲ್ಲ ನಾನು. ಆದ್ರ ಇವ ದಿನಾ ಬಾಗಲಾ ನೋಡತಿದ್ದ. ನೀವು ಬರಲೇ ಇಲ್ಲ" ಎಂದಳು. ಮಾವ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮಂಚ ತೋರಿಸಿದರೂ ನೆಲದ ಮೇಲೆ ಕೂತರು.

ಕೂತವರೇ, "ನಾ ಎಡಕ್ಕ ಎಳದೆ ಸುಂಕಣ್ಣ. ಬಲಕ್ಕ ಎಳೀಬೇಕಿತ್ತೇನೋ" ಎಂದರು. ಸುಂಕಣ್ಣ ಊರುಗೋಲನ್ನು ಗೋಡೆಗೆ ಆನಿಸಿ, "ಬಲಕ್ಕ ಎಳದಿದ್ರ ಎದುರಿನ ಜೀಪಿನ ಮಂದಿ ಹೋಗ್ತಿದ್ರು. ನಾನೂ ನೋಡೀನಲ್ಲ ಸಾಬ್ರ" ಎಂದ. "ಆದ್ರ ಅಷ್ಟು ಲೋಡು ಹಾಕಿಸಬಾರದಿತ್ತು. ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು" ಎಂದೂ ಸೇರಿಸಿದ. ಮಾವ ಹೂಂ ಎಂದರು. ಆಗ ಮಾವನ ಕಣ್ಣಲ್ಲಿ ನೀರು ಬಂತು. ಸುಂಕಣ್ಣ ಬೇರೆ ಕಡೆ ನೋಡಿದ. ಹೊನ್ನೂರಮ್ಮ ಚಹಾಕ್ಕೆ ನೀರಿಟ್ಟಳು.

ಸುಂಕಣ್ಣ ಈಗ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಗೇಟಿನಲ್ಲಿ ಕೂರುತ್ತಾನೆ. ಸುಗ್ಗಿಯ ಕಾಲ, ಭತ್ತದ ಲಾರಿಗಳು ಸಾಲು ನಿಂತಿವೆ. ಹಿಂದೆ ನಿಂತು ಕೂಗಿ ಹೇಳುತ್ತಾ ಅವುಗಳನ್ನು ರಿವರ್ಸಿನಲ್ಲಿ ಗೋದಾಮಿನ ಬಾಗಿಲಿಗೆ ತರಿಸುವವರು ಬೇಕು. ಅಷ್ಟು ಹೊತ್ತು ನಿಲ್ಲುವುದು ಅವನಿಂದಾಗದು. ಅವನೇ ಮಾಲೀಕರಿಗೆ ಹೇಳಿ ಮಾವನನ್ನು ಸೇರಿಸಿದ. ಗಾಡಿ ಹೊಡೆಯುವ ಕೆಲಸವಲ್ಲ, ಅದನ್ನು ಮಾವ ಇನ್ನು ಮಾಡುವುದೂ ಇಲ್ಲವಂತೆ. ವಾರವೆಲ್ಲ ಅಲ್ಲೇ ಹತ್ತಿರದ ರಾರಾವಿಯಲ್ಲಿ ಅತ್ತೆಯ ತಂಗಿಯ ಮನೆಯಲ್ಲಿದ್ದು, ಶುಕ್ರವಾರದ ನಮಾಜಿಗೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬರುತ್ತಾರೆ. ಅವರು ಇಷ್ಟು ಉಣ್ಣುವುದನ್ನು ನೋಡಿ ಬಹಳ ದಿನವಾಗಿತ್ತು. ಕೌಸರಳ ವಾಕ್ಯಗಳಿಗೆ ಟೀಚರ್ ಸರಿ ಗುರುತು ಹಾಕಿದ್ದಾರೆ. ಲಾರಿಯದ್ದರ ಪಕ್ಕದಲ್ಲಿ ಮಾತ್ರ, ಅಜ್ಜ ಈಗ ಹೇಗಿದ್ದಾರೆ ಎಂದು ಕೇಳಿದ್ದಾರೆ.

ಅತ್ತೆಯ ದುವಾ, ಕೌಸರಳ ಮುದ್ದು ನಿಮಗೆ ಸೇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ,
ಫರ್ಹತ್

ಮರೆಯುವ ಮುಂಚೆ: ಮೊನ್ನೆ ಫೋನಿನಲ್ಲಿ "ಕಂಪನಿ ಚೇಂಜ್ ಆತು, ಅದಕ್ಕ ರೂಮಿನಾಗ ಅದೀನಿ" ಅಂದಿರಿ. ಕಂಪನಿಯವರು ನಿಮ್ಮನ್ನು ತೆಗೆದಿದ್ದಾರೆ ಎಂದು ನಿಮ್ಮ ರೂಮಿನ ಶಾಕೀರ್ ಭಾಯಿ ತಮ್ಮ ಮನೆಗೆ ಹೇಳಿದ್ದಾರೆ, ಅವರ ಹೆಂಡತಿ ನನಗೆ ಹೇಳಿದಳು. ಕೆಲಸ ಹೋಗಿದ್ದರೆ ಹೋಗಿದೆ ಎಂದೇ ಬರೆಯಿರಿ. ಇವತ್ತು ಮಾವ ಸಿರುಗುಪ್ಪದ ಬಸ್ಸಿಗೆ ಹೊರಟಾಗ ನಾನೇ ಅವರಿಗೆ ತಿಳಿಸಿದೆ. ಚೀಲ ಕೆಳಗಿಟ್ಟರು. "ಬಾ ಅಂತ ಬರಿ. ಬ್ಯಾರೆ ಏನೂ ಬರೀಬ್ಯಾಡ" ಎಂದರು. ಬನ್ನಿ.