ಒಸಾಕಾದ ಬೀದಿಗೆ ಮೊದಲೇ ಬಂದು ಹೋದವರು

ಅಕ್ಟೋಬರ್ 13, 1978. ಶುಕ್ರವಾರ. ರೆಸ್ಟನ್.

ಹೆಪ್ಪು ಹಾಕಿದ್ದ ಹಾಲು ಮೊಸರಾಗಿಲ್ಲ. ಚಳಿ ಶುರುವಾಯಿತು. ಬೆಳಗಿನಿಂದ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕತ್ತು ಹಿಡಿದಿದೆ. ಉಳಿದಿದ್ದ ಬಯಾಪ್ಸಿ ಎಲ್ಲ ನೋಡಿ ಮುಗಿಸಿ ಬಂದೆ. ಮುಂದಿನ ವಾರ ಲ್ಯಾಬಿನವರು ನನ್ನನ್ನು ಮರೆಯಲಿ.

ಭಾನುವಾರ ಹೊರಡುವುದು. ಇವರು ಪ್ರತಿ ಅಕ್ಟೋಬರ್ ಒಸಾಕಾಗೆ ಹೋಗುತ್ತಾರೆ. ಲೋಹಕ್ಕೆ ತುಕ್ಕು ಹಿಡಿಯುವುದರ ಬಗ್ಗೆ ಕಾನ್ಫರೆನ್ಸ್. ಮದುವೆಯಾದಾಗಿನಿಂದ ಒಮ್ಮೆಯೂ ಜೊತೆಗೆ ಹೋದವಳಲ್ಲ. ಈ ಸಲ ಹಟ ಹಿಡಿದೆ.

"ಅಲ್ಲೇನಿದೆ ಕುಮುದಾ, ಬೋರ್ ಆಗತ್ತೆ ನಿಂಗೆ. ಹೋಟೆಲ್, ಹಾಲ್ ಬಿಟ್ರೆ ನಾನೇ ಏನೂ ನೋಡಿಲ್ಲ" ಅಂದರು.

ಬೋರ್ ಆದರೆ ಆಗಲಿ. ವಾಷಿಂಗ್ಟನ್ ಪಕ್ಕದ ಈ ರೆಸ್ಟನ್ನಿನ ಪಾರ್ಕಿಂಗ್ ಲಾಟುಗಳಿಗಿಂತ ಬೇರೆ ಏನಾದರೂ ನೋಡಬೇಕು.

ಸಂಜು ಊರ್ಮಿಳಾ ಮನೆಯಲ್ಲಿರುತ್ತಾನೆ. ಅವಳಿದ್ದಾಳೆ ಅನ್ನುವ ಧೈರ್ಯದಲ್ಲೇ ಹೊರಟಿರುವುದು. ಈ ದೇಶಕ್ಕೆ ಬಂದ ಹೊಸದರಲ್ಲಿ ನನಗೆ ಕಾರು ಕಲಿಸಿದವಳು ಅವಳು. ಸಂಜು ಹುಟ್ಟಿದಾಗ ಅಮ್ಮನಿಗೆ ಬರಲಾಗಲಿಲ್ಲ, ಬಾಣಂತನ ಮಾಡಿದ್ದೂ ಅವಳೇ. ಹೋದ ವರ್ಷ ಅವಳ ಅಣ್ಣನಿಗೆ ಸ್ಯಾನ್ ಹೋಸೆಯಲ್ಲಿ ಆಪರೇಷನ್ ಅಂತ ಹೋದಾಗ ಮಗಳು ಅನಿತಾ ನಮ್ಮಲ್ಲಿದ್ದಳು, ವಾರಕ್ಕೂ ಹೆಚ್ಚು. ಊರ್ಮಿಳಾ ಗಂಡ ಪ್ರಭಾಕರ್ ಹಾರ್ಟ್ ಡಾಕ್ಟರ್, ಆಸ್ಪತ್ರೆಯೇ ಮನೆ. ಈಗ ಸಂಜುನನ್ನು ನೋಡಿಕೊಳ್ಳುವುದು ಅವಳ ಸರದಿ.

"ಜಪಾನ್ ಯಾಕೇ, ಹವಾಯಿಗೆ ಕರ್ಕೊಂಡ್ಹೋಗಿ ಅನ್ಬಾರ್ದಾ?" ಅಂದಳು ಫೋನಿನಲ್ಲಿ. ನಕ್ಕೆ.

ಅಕ್ಟೋಬರ್ 17, ಮಂಗಳವಾರ. ಒಸಾಕಾ. ಸಂಜೆ 5.

ಕಾಲು ಬಾತಿದೆ. ಆದರೂ ಬರೆಯಬೇಕು.

ಇವರು ಬೆಳಿಗ್ಗೆಯೇ ಕಾನ್ಫರೆನ್ಸ್ ಹಾಲಿಗೆ ಹೋದರು. ಒಬ್ಬಳೇ ಹೊರಟೆ. ಹೋಟೆಲಿನ ಹುಡುಗಿ ಮ್ಯಾಪಿನಲ್ಲಿ ಒಂದು ಗೆರೆ ಎಳೆದುಕೊಟ್ಟಳು — ಶಿನ್ಸೈಬಾಶಿಯಿಂದ ನೇರ ದಕ್ಷಿಣಕ್ಕೆ, ಸೇತುವೆ ದಾಟಿದರೆ ಡೋತೊನ್‌ಬೊರಿ. ಬೀದಿಗೇ ಮಾಡು ಹಾಕಿದ್ದಾರೆ. ಮಳೆ ಬಂದರೂ ಯಾರೂ ನೆನೆಯುವುದಿಲ್ಲ. ಛತ್ರಿ, ಚಪ್ಪಲಿ, ಚಹಾಪುಡಿ, ಕಿಮೋನೋ ಬಟ್ಟೆ. ಅಂಗಡಿ ಹುಡುಗರು ಚಪ್ಪಾಳೆ ತಟ್ಟಿ ಕೂಗುತ್ತಾರೆ. ಒಂದು ಬಾಗಿಲು ತೆರೆದುಕೊಂಡರೆ ಒಳಗಿನಿಂದ ಸಾವಿರ ಗೋಲಿ ಒಟ್ಟಿಗೆ ಸುರಿದ ಸದ್ದು. ಒಳಗೆ ಗಂಡಸರು ಸಾಲಾಗಿ ಕೂತು ಜೂಜಿನ ಯಂತ್ರಗಳನ್ನು ದಿಟ್ಟಿಸುತ್ತಿದ್ದರು, ಪರೀಕ್ಷೆ ಬರೆಯುವವರ ಹಾಗೆ.

ಸೇತುವೆಯಾಚೆ ಬರೀ ತಿಂಡಿ. ಅಂಗಡಿ ಮೇಲೆ ಯಂತ್ರದ ದೊಡ್ಡ ಏಡಿಯೊಂದು ನಿಧಾನವಾಗಿ ಕಾಲಾಡಿಸುತ್ತಿತ್ತು. ಗಾಜಿನ ಕಪಾಟಿನಲ್ಲಿ ಮೇಣದ ಊಟ — ನಿಜವಾದದ್ದೆಂದೇ ತಿಳಿದೆ. ಹುರಿದ ಮೀನಿನ ವಾಸನೆಗೆ ಮೊದಲು ಮೂಗು ಮುಚ್ಚಿದೆ. ಆಮೇಲೆ ಅಭ್ಯಾಸವಾಯಿತು. ಸ್ಕೂಲಿನ ಹುಡುಗಿಯೊಬ್ಬಳು ಓಡಿಬಂದು ನನ್ನ ಸೀರೆಯ ಸೆರಗು ಮುಟ್ಟಿ, ನಕ್ಕು, ಓಡಿಹೋದಳು. ಎಷ್ಟು ವರ್ಷವಾಯಿತು, ಜನ ಮೈಗೆ ಮೈ ತಾಗುವಷ್ಟು ಇರುವ ಬೀದಿಯಲ್ಲಿ ನಡೆದು. ಅಳು ಬರುವಷ್ಟು ಖುಷಿ.

ಹಿಂದಿನ ಓಣಿಯಲ್ಲಿ ಪಾಚಿ ಕಟ್ಟಿದ ಕಲ್ಲಿನ ದೇವರು. ಬಂದವರೆಲ್ಲ ನೀರು ಹಾಕುತ್ತಾರೆ. ನಾನೂ ಹಾಕಿದೆ. ಪಕ್ಕದಲ್ಲಿ ಪುಟ್ಟ ಹೋಟೆಲು, ಮೇಜಿನ ಬದಲು ಉದ್ದ ಕಾವಲಿ. ಕೋಸು ಹೆಚ್ಚಿ ಹಿಟ್ಟಿನಲ್ಲಿ ಕಲಸಿ ದಪ್ಪ ದೋಸೆಯ ಹಾಗೆ ಹುಯ್ಯುತ್ತಾರೆ. ನಾನು ಹೇಳಲು ಬಾಯಿ ತೆರೆಯುವ ಮೊದಲೇ ಅಂಗಡಿಯಾಕೆ, "ನೋ ಎಗ್, ನೋ ಫಿಶ್?" ಅಂದಳು. ಬೆರಗಾದೆ. ಯುದ್ಧ ಮುಗಿದ ಮೇಲೆ ಅಮೆರಿಕನ್ನರ ಕ್ಯಾಂಪಿನ ಅಡುಗೆಮನೆಯಲ್ಲಿದ್ದಳಂತೆ, ಚೂರುಪಾರು ಇಂಗ್ಲಿಷ್ ಬರುತ್ತದೆ. ಹೋದ ವರ್ಷ ಇಂಡಿಯಾದ ಗಂಡಹೆಂಡತಿ ದಿನಾ ಬರುತ್ತಿದ್ದರಂತೆ. ವಾಷಿಂಗ್ಟನ್ನಿನವರು. ಹೆಂಡತಿ ಒಳ್ಳೆ ಹಾಡುಗಾರ್ತಿಯಂತೆ.

ಯಾರಿರಬಹುದು? ನಮ್ಮ ಕಡೆಯವರೇ ಆಗಿದ್ದರೆ ಗೊತ್ತಿರಲೇಬೇಕು. ಇವರನ್ನು ಕೇಳಬೇಕು.

ಅಕ್ಟೋಬರ್ 18, ಬುಧವಾರ. ಬೆಳಿಗ್ಗೆ.

ಕೇಳಿದೆ. ಶೇವ್ ಮಾಡುತ್ತಿದ್ದರು. ಕನ್ನಡಿಯಿಂದ ಮುಖ ತಿರುಗಿಸಲಿಲ್ಲ. "ಇಂಡಿಯನ್ಸ್ ಎಲ್ಲಾ ಕಡೆ ಇರ್ತಾರೆ" ಅಂದರು. ರೇಜರ್ ತೊಳೆಯುತ್ತಾ, "ಆ ಓಣಿ ಚೆನ್ನಾಗಿಲ್ಲ ಕುಮುದಾ. ಒಬ್ಬಳೇ ಹೋಗ್ಬೇಡ. ನಾಳೆ ಕ್ಯೋಟೋಗೆ ಹೋಗೋಣ, ದೇವಸ್ಥಾನ ನೋಡು."

ಆ ಓಣಿ ಎಂದರು. ನಾನು ಬೀದಿ ಎಂದಿದ್ದೆ. ಓಣಿ ಅಂದಿರಲಿಲ್ಲ... ಅಂದಿದ್ದೆನೇನೋ.

ಅದೇ ದಿನ, ಸಂಜೆ 4.

ಮತ್ತೆ ಹೋದೆ. ಬೇಕೆಂದೇ ಹೋದೆ. ಅಂಗಡಿಯಾಕೆ ಹಳೆಯ ಗಿರಾಕಿಯನ್ನು ಕಂಡ ಹಾಗೆ ನಕ್ಕಳು. ಗಿರಾಕಿಗಳು ಇರಲಿಲ್ಲ. ಆ ಹೆಂಡತಿ ಏನು ಹಾಡುತ್ತಿದ್ದಳು ಅಂತ ಕೇಳಿದೆ. ಸಟ್ಟುಗ ಕೆಳಗಿಟ್ಟು, ಕಣ್ಣು ಮುಚ್ಚಿ ಗುನುಗಿದಳು.

ಊರ್ಮಿಳಾ ಅನಿತಾಗೆ ಕಟ್ಟಿದ ಜೋಗುಳ. ಮಾತೂ ಅವಳದೇ, ರಾಗವೂ ಅವಳದೇ. ಇನ್ನು ಯಾರೂ ಹಾಡುವುದಿಲ್ಲ. ನಾನು ಹಾಡಿದ್ದೇನೆ — ಹೋದ ವರ್ಷ, ಅನಿತಾ ಅಮ್ಮ ಬೇಕು ಅಂತ ಅತ್ತಾಗ, ತಪ್ಪು ಶ್ರುತಿಯಲ್ಲಿ, ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು. ಆಗ ಅವಳಮ್ಮ ಇಲ್ಲಿ ಈ ಕಾವಲಿ ಮುಂದೆ ಕೂತು ಹಾಡುತ್ತಿದ್ದಳು.

ಗಂಡ ಹೇಗಿದ್ದ, ಅಂತ ಕೇಳಿದೆ. ಎತ್ತರ, ಕನ್ನಡಕ, ಎಡಗೈ ಊಟ. "ವೆರಿ ಕೈಂಡ್ ಹಸ್ಬೆಂಡ್" ಅಂದಳು.

ಎಡಗೈ ಊಟ. ಅತ್ತೆ ಎಷ್ಟು ಬೈದರೂ ಇವರು ಬಿಡದ ಅಭ್ಯಾಸ.

ಎದ್ದು ಬಂದೆ. ಬೀದಿ ಹಾಗೆಯೇ ಇತ್ತು. ಜನ ನಗುತ್ತಿದ್ದರು, ತಿನ್ನುತ್ತಿದ್ದರು. ಛತ್ರಿ ಅಂಗಡಿಯವಳು ನಿನ್ನೆ ನೋಡಿದ್ದ ನೆನಪಿನಿಂದ ತಲೆಬಾಗಿದಳು. ನಾನೂ ಬಾಗಿದೆ. ಬೇರೆ ಏನು ಮಾಡಲಿ.

ಅಕ್ಟೋಬರ್ 19, ಗುರುವಾರ. ಮಧ್ಯಾಹ್ನ.

ಕ್ಯೋಟೋ ಬೇಡ, ಊಟಕ್ಕೆ ಡೋತೊನ್‌ಬೊರಿಗೆ ಕರೆದುಕೊಂಡು ಹೋಗಿ ಅಂದೆ. ಬೇಡ ಅನ್ನಲು ಅವರ ಬಳಿ ಕಾರಣ ಉಳಿದಿರಲಿಲ್ಲ. ನಾನು ಬೇಕೆಂದೇ ಒಂದು ಹೆಜ್ಜೆ ಹಿಂದೆ ನಡೆದೆ. ಹೋಟೆಲ್, ಹಾಲ್ ಬಿಟ್ಟು ಏನೂ ನೋಡದವರು ಸೇತುವೆ ದಾಟಿ, ಏಡಿಯ ಕೆಳಗೆ ಹಾದು, ಯಾರನ್ನೂ ಕೇಳದೆ ಓಣಿಗೆ ತಿರುಗಿದರು. ತಿರುಗಿದ ಮೇಲೆ ಗೊತ್ತಾಯಿತು ಅವರಿಗೆ. ನಿಂತರು.

"ಒಳಗೆ ಬನ್ನಿ" ಅಂದೆ.

ಅಂಗಡಿಯಾಕೆ ಅವರನ್ನು ಕಂಡು ದೊಡ್ಡದಾಗಿ ಬಾಯಿ ತೆರೆದಳು. ಆಮೇಲೆ ನನ್ನನ್ನು ನೋಡಿದಳು. ಇಬ್ಬರನ್ನೂ ನೋಡಿದಳು. ಬಾಯಿ ಮುಚ್ಚಿತು. ಎರಡು ದೋಸೆ ಹುಯ್ದಳು, ನನ್ನದನ್ನು ಎರಡೂ ಕೈಯಲ್ಲಿ ಮುಂದಿಟ್ಟಳು. ಈ ಇಡೀ ವ್ಯವಹಾರದಲ್ಲಿ ನನ್ನ ಮುಂದೆ ನಾಚಿಕೆಪಟ್ಟವಳು ಅವಳೊಬ್ಬಳೇ.

"ಊರ್ಮಿಳಾನಾ?" ಅಂದೆ.

"ಇಲ್ಲಿ ಬೇಡ ಕುಮುದಾ."

"ಇಲ್ಲೇ ಅಲ್ವಾ ನೀವು ದಿನಾ ಬರ್ತಿದ್ದಿದ್ದು? ಇಲ್ಲೇ ಹೇಳಿ."

ಕನ್ನಡಕ ತೆಗೆದು ಒರೆಸಿದರು. "ಹೂಂ" ಅಂದರು.

"ಯಾವಾಗಿಂದ?"

"ಸಂಜು ಕಿಂಡರ್‌ಗಾರ್ಟನ್ ಸೇರಿದ್ನಲ್ಲ... ಆ ವರ್ಷ."

ಸಂಜುಗೆ ಈಗ ಹತ್ತು.

"ಅವಳ ಮಗೂನ ನನ್ ಹತ್ರ ಬಿಡೋದು ಯಾರ ಐಡಿಯಾ?"

ಕನ್ನಡಕ ಮತ್ತೆ ಹಾಕಿಕೊಂಡರು. ದೋಸೆ ಸೀದ ವಾಸನೆ. ಅಂಗಡಿಯಾಕೆ ಅವರದನ್ನು ತೆಗೆದು ಪಕ್ಕಕ್ಕೆಸೆದಳು, ಇನ್ನೊಂದು ಹುಯ್ಯಲಿಲ್ಲ. ನಾನು ನನ್ನದನ್ನು ಪೂರ್ತಿ ತಿಂದೆ. ರುಚಿ ಗೊತ್ತಾಗಲಿಲ್ಲ. ಆದರೂ ತಿಂದೆ. ಇವರು ನೋಡುತ್ತಾ ಕೂತಿದ್ದರು.

ಅಕ್ಟೋಬರ್ 20, ಶುಕ್ರವಾರ. ಬೆಳಿಗ್ಗೆ 8.

ಸಂಜು ದನಿ ಕೇಳಬೇಕಿತ್ತು. ಆಪರೇಟರ್ ಹಿಡಿದು ರೆಸ್ಟನ್ನಿಗೆ ಫೋನ್ ಹಾಕಿಸಿದೆ. ಅಲ್ಲಿ ನಿನ್ನೆಯ ಸಂಜೆ. ಎತ್ತಿದ್ದು ಅವಳೇ.

"ಕುಮುದಾ? ಏನೇ ಸಮಾಚಾರ? ಸಂಜು ಚೆನ್ನಾಗಿದಾನೆ ಕಣೇ, ಈಗ್ತಾನೆ ಎರಡ್ಸಲ ಹಾಕಿಸ್ಕೊಂಡು ಬಿಸಿಬೇಳೆಭಾತ್ ತಿಂದ. ನೀನೇನ್ ಮಾಡ್ತಿದೀಯ ಊಟಕ್ಕೆ? ಅಲ್ಲಿ ನಿಂಗೇನೂ ಸಿಗಲ್ವೇನೋ."

"ಸಿಗತ್ತೆ. ಓಣೀಲಿ ಒಬ್ಬಳಿದಾಳೆ. ಮೊಟ್ಟೆ, ಮೀನು ಹಾಕದೆ ಮಾಡಿಕೊಡ್ತಾಳೆ. ನಿನ್ನ ಜೋಗುಳ ಬರತ್ತೆ ಅವಳಿಗೆ."

ಫೋನಿನಲ್ಲಿ ಬರೀ ಗೊರಗೊರ.

"ಸಂಜುಗೆ ಕೊಡು" ಅಂದೆ.

"ಅಮ್ಮಾ, ಊರ್ಮಿಳಾ ಆಂಟಿ ಯಾಕೆ crying?" ಅಂದ ಅವನು.

ಅಕ್ಟೋಬರ್ 22, ಭಾನುವಾರ. ರೆಸ್ಟನ್.

ವಿಮಾನದಲ್ಲಿ ಪಕ್ಕಪಕ್ಕದಲ್ಲೇ ಕೂತು ಬಂದೆವು.

ಡಲಸ್ ಏರ್‌ಪೋರ್ಟಿಗೆ ಅವಳು ಬಂದಿದ್ದಳು, ಮಕ್ಕಳೊಂದಿಗೆ. ಬರದೇ ಇರಬಹುದಿತ್ತು. ಕಣ್ಣು ಊದಿತ್ತು. ಇವರು ಲಗೇಜ್ ತರುತ್ತೇನೆಂದು ದೂರ ಹೋಗಿ ನಿಂತರು. ಸಂಜು, ಅನಿತಾ ಗಾಜಿಗೆ ಮೂಗೊತ್ತಿ ವಿಮಾನ ನೋಡುತ್ತಿದ್ದರು.

"ನಿನ್ನ ಕಳ್ಕೊಳ್ಳೋದು ನಂಗೆ ಯಾವತ್ತೂ ಬೇಕಿರ್ಲಿಲ್ಲ ಕುಮುದಾ" ಅಂದಳು. ಕೈ ಹಿಡಿಯಲು ಬಂದಳು. ಸಂಜು ಹುಟ್ಟಿದಾಗ ನನಗೆ ಎಣ್ಣೆ ಹಚ್ಚಿ ಎರೆದ ಕೈ. ಹಿಂದಕ್ಕೆ ಸರಿದೆ.

"ಹೋದ ವರ್ಷ ಕೇಳೋದೇ ಮರ್ತಿದ್ದೆ. ನಿಮ್ಮಣ್ಣನ ಆಪರೇಷನ್ ಹೇಗಾಯ್ತು?" ಅಂದೆ.

ಅವಳು ತಲೆ ತಗ್ಗಿಸಿದಳು. ಅಷ್ಟೇ ಸಾಕಾಗಿತ್ತು ನನಗೆ, ಅಂದುಕೊಂಡೆ. ಸಾಕಾಗಲಿಲ್ಲ. ಇವರ ಮೇಲೆ ಸಿಟ್ಟಿದೆ, ಅದಕ್ಕೆ ಒಂದು ಆಕಾರವಿದೆ. ಅವಳ ವಿಷಯಕ್ಕೆ ಬಂದರೆ ಎಲ್ಲಿ ಮುಟ್ಟಿದರೂ ನೋವು. ಅವಳು ಕೊಟ್ಟ ಹುಳಿಪುಡಿ ಡಬ್ಬಿಯಿಂದ ಹಿಡಿದು ಈ ಮನೆಯಲ್ಲಿ ಅವಳ ಕೈ ಆಡದ ಜಾಗವಿಲ್ಲ.

ನವೆಂಬರ್ 4, ಶನಿವಾರ.

ಕನ್ನಡದವರ ದೀಪಾವಳಿ ಕೂಟ, ಬೆಥೆಸ್ಡಾದಲ್ಲಿ. ಹೋಗಲಿಲ್ಲ. ಇವರು ಕೆಳಗೆ ಬೇಸ್‌ಮೆಂಟಿನಲ್ಲಿ ಮಲಗುತ್ತಿದ್ದಾರೆ. ಸಂಜುಗೆ ಬೆನ್ನುನೋವು ಅಂತ ಹೇಳಿದ್ದಾರೆ.

ಮಧ್ಯಾಹ್ನ ಪ್ರಭಾಕರ್ ಬಂದರು, ಒಬ್ಬರೇ. ಕೂಟದಿಂದ ತಂದ ಸಿಹಿಯ ಪೊಟ್ಟಣ ಕೈಯಲ್ಲಿ. ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ಕೂತರು. ಹೇಗೆ ಹೇಳುವುದೆಂದು ನಾನು ಮಾತು ಹುಡುಕುತ್ತಿದ್ದೆ — ಪಾಪ, ಈ ಮನುಷ್ಯನಿಗೆ ಏನೂ ಗೊತ್ತಿಲ್ಲ ಅಂತ.

"ಊರ್ಮಿಳಾ ಹೇಳಿದ್ಲು, ನೀವು ಸಿಟ್ಟಾಗಿದೀರ ಅಂತ" ಅಂದರು. "ನಂಗರ್ಥ ಆಗ್ತಿಲ್ಲ ಕುಮುದಿನಿಯವ್ರೆ. ಈಗ ಯಾಕೆ?"

"ಈಗ ಯಾಕೆ ಅಂದ್ರೆ?"

"ಹೋದ್ವರ್ಷಾನೇ ನಿಮಗೆ ಗೊತ್ತಿತ್ತಲ್ಲ."

ಕಾಫಿ ಲೋಟ ಕೆಳಗಿಟ್ಟೆ.

"ಅವಳು ಹೊರಟಾಗ ನಂಗೆ ಡೌಟ್ ಬಂತು. ಅವಳ ಅಣ್ಣನಿಗೆ ಫೋನ್ ಮಾಡ್ದೆ, ಆರಾಮಾಗಿದ್ದ. ವಾಪಸ್ ಬಂದ್ಮೇಲೆ ಕೇಳ್ದೆ. ಒಪ್ಕೊಂಡ್ಲು. ಕುಮುದಾಗೆ ಎಲ್ಲಾ ಗೊತ್ತು, ಅವಳೇ ಹೋಗು ಅಂದ್ಲು, ಅನಿತಾನ ನೋಡ್ಕೋತೀನಿ ಅಂದ್ಲು ಅಂತ ಹೇಳಿದ್ಲು. ನಾನು ನಂಬ್ದೆ. ನೀವು ಅನಿತಾನ ಅಷ್ಟು ಚೆನ್ನಾಗಿ ನೋಡ್ಕೊಂಡಿದ್ರಿ. ನೀವೇ ಸಹಿಸ್ಕೊಂಡಿರೋವಾಗ ನಾನ್ಯಾಕೆ ರಂಪ ಮಾಡ್ಲಿ ಅಂತ ಸುಮ್ನಾದೆ."

ಒಂದು ವರ್ಷ. ಈ ಮನುಷ್ಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದಾರೆ, ಸಂಜು ಹುಟ್ಟುಹಬ್ಬಕ್ಕೆ ಬಂದಿದ್ದಾರೆ, ನಾನು ಬಡಿಸಿದ್ದೇನೆ, ಅವರು ನನ್ನನ್ನು ಒಂಥರಾ ಗೌರವದಿಂದ ನೋಡುತ್ತಿದ್ದರು. ಯಾಕೆಂದು ಈಗ ತಿಳಿಯಿತು. ಗಂಡನನ್ನು ಗೆಳತಿಗೆ ಒಪ್ಪಿಸಿ ಮಗುವನ್ನು ಎತ್ತಿಕೊಂಡ ದೊಡ್ಡ ಮನಸ್ಸಿನ ಹೆಂಗಸು. ಅಂಥ ಹೆಂಗಸನ್ನು ಊರ್ಮಿಳಾ ಕಟ್ಟಿದಳು, ಅದಕ್ಕೆ ನನ್ನ ಹೆಸರಿಟ್ಟಳು.

"ನಂಗೆ ಗೊತ್ತಿರ್ಲಿಲ್ಲ" ಅಂದೆ.

ಪ್ರಭಾಕರ್ ನನ್ನ ಮುಖ ನೋಡಿದರು. ದಿನಾ ರೋಗಿಗಳಿಗೆ ಕೆಟ್ಟ ಸುದ್ದಿ ಹೇಳುವ ಮನುಷ್ಯ. ಮುಖ ಬಿಳಿಚಿತು.

"ಅಯ್ಯೋ ದೇವ್ರೇ" ಅಂದರು, ಮೆಲ್ಲಗೆ. ಸಿಹಿಯ ಪೊಟ್ಟಣ ಹಿಡಿದುಕೊಂಡೇ ಕಾರಿಗೆ ಹೋದರು. ತುಂಬ ಹೊತ್ತು ಕಾರು ಹೊರಡಲಿಲ್ಲ.

ನವೆಂಬರ್ 14, ಮಂಗಳವಾರ. ಮಧ್ಯಾಹ್ನ.

ರಜೆ ಹಾಕಿದ್ದೇನೆ. ಇವರು ಬೆಳಿಗ್ಗೆ ಹೋದರು. ರಾಕ್‌ವಿಲ್‌ನಲ್ಲಿ ಅಪಾರ್ಟ್‌ಮೆಂಟ್ ಸಿಕ್ಕಿದೆಯಂತೆ. ಇರಲು ಬಿಡು, ಅವಳ ಜೊತೆ ಎಲ್ಲ ಮುಗಿಯಿತು, ಅಂತ ನಿನ್ನೆ ತನಕ ಕೇಳಿದರು. ಮುಗಿದಿರಬಹುದು. ಅದು ಈಗ ನನ್ನ ಪ್ರಶ್ನೆಯಲ್ಲ.

"ಸಂಜುಗೆ ನಾನೇ ಹೇಳ್ಲಾ?" ಅಂದರು ಬಾಗಿಲಲ್ಲಿ.

"ಬೇಡ. ನೀವು ಏನ್ ಹೇಳಿದ್ರೂ ಅದು ನಿಜಾನಾ ಅಂತ ಅವನು ಮುಂದೆ ಯೋಚಿಸ್ಬೇಕಾಗತ್ತೆ. ನಾನ್ ಹೇಳ್ತೀನಿ."

ಧೈರ್ಯವಾಗಿ ಅಂದುಬಿಟ್ಟೆ. ಈಗ ಅಡುಗೆಮನೆ ಟೇಬಲ್ಲಿನಲ್ಲಿ ಕೂತು ಮಾತು ಹೊಂದಿಸುತ್ತಿದ್ದೇನೆ. ಕನ್ನಡದಲ್ಲಿ ಹೇಳಿದರೆ ಇದಕ್ಕೆಲ್ಲ ಅವನಿಗೆ ಗೊತ್ತಿರುವ ಪದಗಳಿಲ್ಲ. ಊಟ, ನಿದ್ದೆ, ಮುದ್ದು, ಬೈಗುಳ — ಅಷ್ಟೇ ನಾವು ಅವನಿಗೆ ಕೊಟ್ಟ ಕನ್ನಡ. ಇಂಗ್ಲಿಷಿನಲ್ಲಾದರೆ ಟಿವಿಯವರ ಮಾತಿನ ಹಾಗೆ ಕೇಳುತ್ತದೆ, ಬೇರೆ ಯಾರದೋ ಮನೆಯದು ಅನ್ನುವ ಹಾಗೆ. ಊರ್ಮಿಳಾ ಆಂಟಿ ಮನೆಗೆ ಯಾಕೆ ಹೋಗಬಾರದು ಅಂತ ಕೇಳುತ್ತಾನೆ. ಅಪ್ಪ ಹೋದದ್ದಕ್ಕಿಂತ ಅದನ್ನೇ ಹೆಚ್ಚು ಕೇಳುತ್ತಾನೆ. ಅವನಿಗೆ ಅವಳು...

ಸ್ಕೂಲ್ ಬಸ್ ನಿಂತ ಸದ್ದು. ಬಾಗಿಲು ತೆಗೆದಿದ್ದೇನೆ. ಜಾಕೆಟ್ ಬಿಚ್ಚುತ್ತಾ ಬರುತ್ತಿದ್ದಾನೆ, ಈ ಚಳಿಯಲ್ಲೂ. ಮೊದಲು ಅವನ ಹೊಟ್ಟೆಗೆ ಏನಾದರೂ ಹಾಕಬೇಕು, ಆಮೇಲೆ —