ಯುರೇನಿಯಂ ಮುಟ್ಟಿದ ಕೈ

ಸನತ್‌ನಗರ, ಹೈದರಾಬಾದ್
೧೧ ಜುಲೈ ೨೦೦೪, ಭಾನುವಾರ

ಅಕ್ಕ ಶಿವದೇವಿಗೆ ನಿನ್ನ ತಮ್ಮ ಅಮರಯ್ಯನ ಶರಣು.

ನಿನ್ನ ಎರಡೂ ಕಾಗದ ಮುಟ್ಟ್ಯಾವ. ಇಷ್ಟು ದಿನ ಉತ್ತರ ಬರೀಲಿಲ್ಲಂತ ಬ್ಯಾಸರ ಮಾಡ್ಕೋಬ್ಯಾಡ. ಮಾವನವರ ಮಂಡಿನೋವು ಕಡಿಮಿ ಆತಂತ ಓದಿ ಸಮಾಧಾನ ಆತು. ಮಗಳು ಕೋಕಿಲಾನ ಲಗ್ನದ ತಾರೀಖು ಕೇಳಿದ್ದಿ. ಅದನ್ನ ಬರಿಯಾಕ ಕೈ ಏಳಲಿಲ್ಲ. ಲಗ್ನ ಮುರದೈತಿ ಅಕ್ಕಾ.

ಹುಡುಗ ಭೀಮಾಶಂಕರ ಸಾಫ್ಟ್‌ವೇರ್ ಕಂಪನಿಯಾಗ ಅದಾನ, ಮಾತು ಭಾಳ ಮೆತ್ತಗ. ಹೋದ ತಿಂಗಳು ಅವನ್ನ ಕರ್ಕೊಂಡು ಅವನ ತಾಯಿ ಸಾವಿತ್ರಿಬಾಯಿಯವರು ಕೂಕಟ್‌ಪಲ್ಲಿಯಿಂದ ಬಂದ್ರು. ಚಹಾ ಮುಟ್ಟಲಿಲ್ಲ. "ಯುರೇನಿಯಂ ಕೆಲಸದಾಗ ಇಪ್ಪತ್ತಾರು ವರ್ಷ ಅದೀರಂತ. ಮೊದಲ ಯಾಕ ಹೇಳ್ಲಿಲ್ರಿ?" ಅಂದ್ರು.

"ಕಾರ್ಖಾನಿ ಅಂತ ಹೇಳಿದ್ದೆ. ನೀವು ಕೇಳ್ಲಿಲ್ಲ, ನಾ ಬಿಡಿಸಿ ಹೇಳ್ಲಿಲ್ಲ" ಅಂದೆ.

ಅವತ್ತು ಬಿಡಿಸಿ ಹೇಳ್ದೆ. ಯುರೇನಿಯಂ ಪುಡಿ ಒತ್ತಿ, ಸುಟ್ಟು, ಬೆರಳ ತುದಿಯಷ್ಟು ಗುಳಿಗಿ ಮಾಡ್ತೀವಿ. ಅವನ್ನ ಲೋಹದ ಕೊಳವ್ಯಾಗ ತುಂಬಿ ಎರಡೂ ಬಾಯಿ ಬೆಸೀತೀವಿ. ಆ ಬೆಸುಗಿ ಪರೀಕ್ಷೆ ಮಾಡೂದು ನನ್ನ ಕೆಲಸ. ಹತ್ತೊಂಬತ್ತು ಕೊಳವಿ ಕೂಡಿಸಿದ್ರ ಒಂದು ಕಟ್ಟು, ಅದು ಕೈಗಾದಂಥ ಸ್ಥಾವರಕ್ಕ ಹೋಗ್ತೈತಿ. ಅಲ್ಲಿ ಅಣು ಒಡೆದು ಕಾವು ಹುಟ್ಟತೈತಿ, ನೀರು ಕುದ್ದು ಉಗಿ ಆಗ್ತೈತಿ, ಉಗಿ ಚಕ್ರಾ ತಿರುಗಿಸಿ ಕರೆಂಟು ಬರ್ತೈತಿ. "ಒಲಿ ಉರಿಯೂದು ಆ ಸ್ಥಾವರದಾಗರಿ ಬಾಯಾರ, ನಾವಿಲ್ಲಿ ಬರೇ ಸೌದಿ ಹೊಂದಸವರು" ಅಂದೆ. ವಿಕಿರಣದ ಅಳತಿ ತೋರಸೂ ನನ್ನ ಎದಿಮ್ಯಾಲಿನ ಬ್ಯಾಡ್ಜ್ ಒಮ್ಮೆನೂ ಮಿತಿ ಮೀರಿಲ್ಲ ಅನ್ನೂ ಕಾಗದಾನೂ ತೋರಿಸ್ದೆ.

"ಎಲ್ಲಾ ಖರೇ ಇರಬಹುದ್ರಿ. ನಾಳೆ ಹುಟ್ಟೂ ಕೂಸಿಗೆ ಏನರ ಆದ್ರ, ನಿಮ್ಮ ಕಾಗದ ತಗೊಂಡು ನಾ ಏನ್ ಮಾಡ್ಲಿ?" ಅಂದ್ರು. ಭೀಮಾಶಂಕರ ತಲಿ ಎತ್ತಲಿಲ್ಲ.

ಕೋಕಿಲಾ ಒಳಗಿಂದ ಬಂದು, ನಿಶ್ಚಯದಾಗ ಅವರು ಉಡಿಸಿದ್ದ ಸೀರಿ ಮುಂದಿಟ್ಟು "ಒಯ್ರಿ" ಅಂದ್ಲು. ಅಷ್ಟ. ಅತ್ತಿದ್ದು ನಾ ಕಾಣಲಿಲ್ಲ. ಮರುದಿನ ಸಿಕಂದರಾಬಾದಿನ ಸಾಲಿಗೆ ಕಲಿಸಾಕ ಹೋದ್ಲು.

ನಾನೂ ಡ್ಯೂಟಿಗೆ ಹೋಗಾಕತ್ತೀನಿ. ಮುಟ್ಟಿದ ಕೊಳವಿ ತಿರುಗಿಸಿ ನೋಡೂದು ಬಿಟ್ಟು ನನ್ನ ಕೈ ನೋಡ್ಕೊಂತ ನಿಲ್ತೀನಿ. ಊರಾಗ ಯಾರರ ಕೇಳಿದ್ರ ಜಾತಕ ಕೂಡಲಿಲ್ಲ ಅನ್ನು. ಇದೊಂದು ಸುಳ್ಳು ನನಗಾಗಿ ಹೇಳು.

ಮಾವನವರಿಗೆ ಶರಣು. ಮಕ್ಕಳಿಗೆಲ್ಲಾ ಆಶೀರ್ವಾದ, ತಣ್ಣಗಿರಲಿ.

ನಿನ್ನ ತಮ್ಮ,
ಅಮರಯ್ಯ

ತಾ.ಕ.: ಅವರು ಹೋದಮ್ಯಾಲ ಕೋಕಿಲಾ ಕೇಳಿದ್ಲು, "ಅಪ್ಪಾ, ಮೂರ ದಿನಕ್ಕ ತೀರಿಕೊಂಡ ನನ್ನ ತಮ್ಮಗ ನಿನ್ನ ಈ ಕೆಲಸದಿಂದ ಹಂಗಾಗಿತ್ತೇನು?" ಹೃದಯದಾಗ ಹುಟ್ಟು ದೋಷ ಇತ್ತು, ಯಾರ ಕೂಸಿಗಾದ್ರೂ ಆಗಬಹುದು ಅಂತ ಅವತ್ತ ಡಾಕ್ಟರ್ ಹೇಳಿದ್ರು. ಅದನ್ನ ಹೇಳಾಕ ಬಾಯಿ ತೆರದೆ. ಅಷ್ಟರಾಗ ಅಡಿಗಿಮನಿಯಿಂದ ಅವಳವ್ವ ಗುಂಡಮ್ಮ ಅಂದ್ಲು: "ಇಪ್ಪತ್ತೊಂದು ವರ್ಷ ಆತು, ನಾನೂ ಅದನ್ನ ಕೇಳಬೇಕಂತ ಅದೀನಿ."