ಇವರ ಉಪವಾಸ

ಸೆಪ್ಟೆಂಬರ್ 23, ಮಂಗಳವಾರ. ಜಾರ್ಜಿಯಾ ದೇಶದ ಪ್ರವಾಸ.

ಇವರು ಇವತ್ತೂ ಬರೀ ಚಹಾ ಕುಡಿದು ಕಾರು ಓಡಿಸಿದರು. ಘಾಟಿನ ಒಂದು ತಿರುವಿನಲ್ಲಿ ಚಕ್ರ ರಸ್ತೆಯ ಅಂಚಿಗೆ ಹೋಯಿತು. ಆಳಂದದಿಂದ ತಂದ ಖಡಕ್ ರೊಟ್ಟಿ ಹಾಗೇ ಇವೆ.

"ಹೊಟ್ಟಿ ಕೆಟ್ಟದೇನ್ರಿ?"

"ಇಲ್ಲ ಬೇ, ಹಸಿವಿಲ್ಲ."

"ಗುಡ್ಡ ನೋಡಿದ್ರ ಹೊಟ್ಟಿ ತುಂಬ್ತದೇನ್ರಿ?"

ಇನ್ನೊಂದು ಚಹಾ ತರಿಸಿಕೊಂಡರು.

ಲಿಂಗಪೂಜೆಯಾಗದೆ ತುತ್ತು ಮುಟ್ಟದ ಮನುಷ್ಯ. ನಿನ್ನೆ ವಿಮಾನ ಇಳಿದಾಗಿನಿಂದ ಪೂಜೆಯೆಂದು ಸ್ನಾನದ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ವಿಭೂತಿಗಟ್ಟಿ ನನ್ನ ಚೀಲದಲ್ಲಿದೆ, ಒಮ್ಮೆಯೂ ಕೇಳಿಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತಿಲ್ಲ. ತಪಾಸಣೆಗೆಂದು ಕೊರಳಿಂದ ತೆಗೆದ ಲಿಂಗವನ್ನು ವಿಮಾನ ನಿಲ್ದಾಣದ ತಟ್ಟೆಯಲ್ಲೇ ಬಿಟ್ಟು ಬಂದರೇ?

ಕೇಳಿದರೆ ಇಲ್ಲ ಎನ್ನುತ್ತಾರೆ, ಮತ್ತೆ ಹಸಿದೇ ಗುಡ್ಡ ಹತ್ತಿಸುತ್ತಾರೆ. ನಾಳೆ ಕೇಳುವುದಿಲ್ಲ. ನನಗೂ ಹಸಿವಿಲ್ಲವೆಂದು ತಟ್ಟೆ ಸರಿಸುತ್ತೇನೆ. ನಾನು ಹಸಿದಿರುವುದನ್ನು ಎಷ್ಟು ಹೊತ್ತು ನಿಜ ಹೇಳದೆ ನೋಡಿಕೊಂಡು ಕೂರುತ್ತಾರೋ…